ಹದದ ದಿನದ ಎರವಲು

ರೋಹಿಣಿ ಮಳೆಯ ಕಡೆಯ ಪಾದದಲ್ಲೋ ಮೃಗಶಿರೆಯ ಮೊದಲ ಪಾದದಲ್ಲೋ, ಎಂದರೆ ಜೂನ್ ತಿಂಗಳ ಮೊದಲೆರಡು ವಾರಗಳೊಳಗೆ, ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಹಬ್ಬಿರುವ ಮಸಾರಿ ಭೂಮಿಯ ಮೇಲೆ ಒಂದು ರಾತ್ರಿ ನೆಲ ನೆನೆಯುವಷ್ಟು ಮಳೆ ಸುರಿದು, ಮರುದಿನ ಮೋಡ ಚದುರಿ ಬಿಸಿಲು ಕಾಣಿಸಿಕೊಂಡರೆ, ಆ ಸೀಮೆಯ ರೈತನ ಮನಸ್ಸಿನಲ್ಲಿ ಅದುವರೆಗೆ ಇದ್ದ ಆಕಾಶದ ಚಿಂತೆ ಅಡಗಿ ಇನ್ನೊಂದು ಚಿಂತೆ ತಲೆಯೆತ್ತುತ್ತಿತ್ತು: ಬಿತ್ತುವ ಕೂರಿಗೆ ಯಾರ ಮನೆಯಲ್ಲಿದೆ, ಈ ಹೊತ್ತು ಅದು ಯಾರ ಹೊಲಕ್ಕೆ ಹೋಗುತ್ತದೆ? ಬಿತ್ತನೆಗೆ ಒಪ್ಪುವ ನೆಲದ ತೇವವನ್ನು ನಮ್ಮವರು ಹದವೆನ್ನುತ್ತಾರೆ. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಕಾಣುವ ಈ ನಾಡಿನಲ್ಲಿ ಮರಳು ಬೆರೆತ ಕೆಂಪು ನೆಲ ಆ ಹದವನ್ನು ಎರಡು ಮೂರು ದಿನಗಳಿಗಿಂತ ಹೆಚ್ಚು ಹಿಡಿದಿಡಲಾರದು; ಹದ ಆರಿದ ಮೇಲೆ ಬಿದ್ದ ಬೀಜ ಇರುವೆಯ ಪಾಲು. ಊರಿಗೆಲ್ಲ ಹದ ಒಂದೇ ದಿನ ಬರುತ್ತದೆ, ಊರಿನಲ್ಲಿದ್ದ ಕೂರಿಗೆಗಳೋ ಎಣಿಸಿದಷ್ಟು. ಆದಕಾರಣ ಇಲ್ಲಿ ಗೆಳೆಯನಿಗೆ ಕೂರಿಗೆಯನ್ನು ಎರವಲು ಕೊಟ್ಟವನು ಮರವನ್ನೂ ಕಬ್ಬಿಣವನ್ನೂ ಕೊಡುವುದರೊಂದಿಗೆ ತನ್ನ ಪಾಲಿಗೆ ಬಂದ ಹದದೊಳಗಿಂದ ಒಂದು ಹೊತ್ತನ್ನೇ ಮುರಿದು ಕೊಡುತ್ತಿದ್ದನು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಗಳೆಂಬ ಈ ಐದು ತಾಲ್ಲೂಕುಗಳ ರಾಜಕೀಯ ಚರಿತ್ರೆ ಸಾಕಷ್ಟು ಚಂಚಲವಾದುದು. 1953ರ ಅಕ್ಟೋಬರ್ 1ರವರೆಗೆ ಈ ಸೀಮೆ ಮದರಾಸು ಆಡಳಿತಕ್ಕೆ ಸೇರಿತ್ತು. ಆಮೇಲೆ ಬಳ್ಳಾರಿ ಜಿಲ್ಲೆಯ ಭಾಗವಾಗಿ ಮೈಸೂರಿಗೆ ಸೇರಿತು. 1997ರಲ್ಲಿ ದಾವಣಗೆರೆಯ ಪಾಲಿಗೆ ಹೋದ ಹರಪನಹಳ್ಳಿ ಮುಂದೆ ಮರಳಿ ಬಂದಿತು. 2021ರಲ್ಲಿ ಹೊಸಪೇಟೆಯೊಡನೆ ಐದೂ ಕೂಡಿ ವಿಜಯನಗರ ಜಿಲ್ಲೆಯೆಂಬ ಹೆಸರನ್ನು ಪಡೆದುವು. ಕಡತಗಳಲ್ಲಿ ಎಲ್ಲೆಗಳು ಇಷ್ಟು ಸಲ ಸರಿದಾಡಿದರೂ, ಉಜ್ಜಿನಿಯ ಕಡೆಯ ಒಂದು ಹಳ್ಳಿಯಿಂದ ಕೊಟ್ಟೂರ ಕಡೆಯ ನಮ್ಮ ಹಳ್ಳಿಗೆ ಗಾಡಿಯ ಮೇಲೆ ಬರುತ್ತಿದ್ದ ಕೂರಿಗೆಯ ದಾರಿ ಮಾತ್ರ ನಾನು ಕಂಡಷ್ಟು ಕಾಲವೂ ಬದಲಾಗಲಿಲ್ಲ.

ಬೇರೊಬ್ಬರ ಸೊತ್ತನ್ನು ತಂದು ಬಳಸುವುದಕ್ಕೆ ನಮ್ಮ ನುಡಿಯಲ್ಲಿ ಒಂದೇ ಮಾತಿಲ್ಲವೆಂಬುದು ನನಗೆ ಅತ್ಯಂತ ಅರ್ಥಪೂರ್ಣವಾಗಿ ತೋರುತ್ತದೆ. ಹಣ ತಂದರೆ ಅದು ಸಾಲ, ಬಡ್ಡಿಯೊಡನೆ ತೀರತಕ್ಕದ್ದು. ಒಂದು ಸೇರು ಜೋಳವನ್ನೋ ಹಿಡಿ ಉಪ್ಪನ್ನೋ ತಂದರೆ ಅದು ಕಡ. ತಂದದ್ದು ಉಂಡು ಮುಗಿಯುತ್ತದೆ, ಅದೇ ಅಳತೆಯ ಬೇರೆ ಕಾಳು ಹಿಂದಕ್ಕೆ ಹೋಗುತ್ತದೆ. ತಂದ ವಸ್ತುವೇ, ಅದೇ ಮೈಯಲ್ಲಿ, ಅದೇ ಮನೆಗೆ ಮರಳಬೇಕಾದದ್ದು ಎರವಲು. ಈ ಮೂರರಲ್ಲಿ ಕಡೆಯದು ನಂಬಿಕೆಯನ್ನು ಅತ್ಯಧಿಕವಾಗಿ ಬೇಡುವಂಥದು. ಏಕೆಂದರೆ ಸಾಲಕ್ಕೆ ಪತ್ರವುಂಟು, ಕಡಕ್ಕೆ ಸೇರು ಪಾವುಗಳುಂಟು, ಎರವಲಿಗೆ ಕೊಟ್ಟವನ ನೆನಪು, ತಂದವನ ಮನಸ್ಸಾಕ್ಷಿ ಇವೆರಡನ್ನುಳಿದು ಬೇರೆ ದಾಖಲೆಯಿಲ್ಲ.

ಕೂರಿಗೆಯನ್ನು ಕಾಣದೆ ಬೆಳೆದ ತಲೆಮಾರೊಂದು ಈಗ ಇರುವುದರಿಂದ ಅದರ ಸ್ವರೂಪವನ್ನು ಹೇಳಬೇಕು. ಜಾಲಿಯಂಥ ಗಟ್ಟಿಮರದ ಒಂದು ದಿಂಡು. ಅದಕ್ಕೆ ನೆಟ್ಟ ಮೂರೋ ನಾಲ್ಕೋ ಆರೋ ತಾಳುಗಳು. ಪ್ರತಿಯೊಂದು ತಾಳಿನ ತುದಿಗೂ ಇಳಿದ ಬಿದಿರ ಕೊಳವೆ. ಆ ಕೊಳವೆಗಳೆಲ್ಲ ಮೇಲೆ ಬಂದು ಕೂಡುವ ಮರದ ಬಟ್ಟಲು. ಮುಂದೆ ನೊಗಕ್ಕೆ ಹೋಗುವ ಈಸು. ಬಟ್ಟಲಿನ ರಂಧ್ರಗಳಿಗೆ ಸಮನಾಗಿ ಬೀಳುವಂತೆ ಬೆರಳುಗಳ ಸಂದಿಯಿಂದ ಕಾಳು ಬಿಡುವುದು ಒಂದು ವಿದ್ಯೆ. ಹಿಂದೆ ಹಗ್ಗಕ್ಕೆ ಕಟ್ಟಿದ ಒಂಟಿ ಕೊಳವೆಯಲ್ಲಿ ತೊಗರಿಯನ್ನೋ ಹೆಸರನ್ನೋ ಬಿಡುತ್ತ ಅಕ್ಕಡಿ ಸಾಲನ್ನು ಹಿಡಿದು ನಡೆಯುವುದು ಇನ್ನೊಂದು. ಎರಡನ್ನೂ ಬಹುಪಾಲು ಹೆಂಗಸರೇ ಬಲ್ಲರು. ತಾಳುಗಳ ನಡುವಣ ಅಂತರ ಕೂದಲೆಳೆಯಷ್ಟು ಕೆಟ್ಟರೂ, ತಿಂಗಳ ಮೇಲೆ ಎಡೆಕುಂಟೆ ಹೊಡೆಯುವಾಗ ಪೈರೇ ಕಿತ್ತುಬರುತ್ತದೆ; ಆದ್ದರಿಂದ ಒಳ್ಳೆಯ ಕೂರಿಗೆಯನ್ನು ಕಟ್ಟಬಲ್ಲ ಬಡಿಗರು ವಿರಳ, ಅದನ್ನು ಇಟ್ಟುಕೊಂಡ ಮನೆಗಳು ಅದಕ್ಕಿಂತ ವಿರಳ. ನೇಗಿಲು ಎಲ್ಲರಲ್ಲಿಯೂ ಇತ್ತು, ಕೂರಿಗೆ ಕೆಲವರಲ್ಲಿ. ಕೊಡುವ ಮನೆಯವರು ಎಷ್ಟೋ ಸಲ ಕೂರಿಗೆಯ ಜೊತೆಗೆ ಕಾಳು ಬಿಡುವ ಕೈಯನ್ನೂ ಕಳುಹಿಸುತ್ತಿದ್ದರು. ಆ ಕೈಯ ಋಣವನ್ನು ಮುಯ್ಯಾಳಾಗಿ, ಕಳೆಯ ಕಾಲದಲ್ಲೋ ಕೊಯ್ಲಿನಲ್ಲೋ, ತೀರಿಸಬೇಕಾಗಿತ್ತು.

ನಮ್ಮ ಮನೆಯಲ್ಲಿ ಕೂರಿಗೆ ಇರಲಿಲ್ಲ. ಉಜ್ಜಿನಿಯ ಕಡೆಯ ಆ ಹಳ್ಳಿಯಲ್ಲಿದ್ದ ನಮ್ಮ ತಂದೆಯ ಗೆಳೆಯರೊಬ್ಬರ ಮನೆಯಲ್ಲಿತ್ತು. ಬಾಲ್ಯದಲ್ಲಿ ನನಗೆ ಬಹುಕಾಲ ಸೋಜಿಗವನ್ನುಂಟುಮಾಡಿದ ಸಂಗತಿಯೆಂದರೆ, ಹದ ಬಿದ್ದ ಮೊದಲ ಬೆಳಗ್ಗೆಯೇ, ಒಡೆಯನ ಹೊಲದಲ್ಲಿ ಒಂದು ಸಾಲೂ ಬಿದ್ದಿರದಿರುವಾಗ, ಆ ಕೂರಿಗೆ ನಮ್ಮ ಅಂಗಳಕ್ಕೆ ಬಂದಿಳಿಯುತ್ತಿದ್ದುದು. ಇದು ಸ್ನೇಹದ ಅತಿಶಯವೆಂದು ನಾನು ತಿಳಿದಿದ್ದೆ. ಅತಿಶಯ ಹೌದು, ಆದರೆ ಅದರ ಕೆಳಗೆ ನೆಲದ ಲೆಕ್ಕಾಚಾರವೊಂದಿತ್ತೆಂದು ತಿಳಿದದ್ದು ದೊಡ್ಡವನಾದ ಮೇಲೆ. ಅವರದು ಹಳ್ಳದ ದಂಡೆಯ ಎರೆ ಹೊಲ. ಮಳೆ ನಿಂತ ದಿನ ಅಲ್ಲಿ ಎತ್ತಿನ ಕಾಲು ಹೂಳುತ್ತದೆ, ನಾಲ್ಕೈದು ದಿನ ಕಳೆದ ಮೇಲೆ ಅದು ಬಿತ್ತನೆಗೆ ಬರುತ್ತದೆ. ನಮ್ಮದು ಮಸಾರಿ, ಮೂರನೆಯ ದಿನಕ್ಕೆ ಒಣಗಿಹೋಗುತ್ತದೆ. ಎರೆಯವನೂ ಮಸಾರಿಯವನೂ ಗೆಳೆಯರಾದರೆ ಒಂದೇ ಕೂರಿಗೆ ಇಬ್ಬರಿಗೂ ಸಾಲುತ್ತದೆಂಬುದನ್ನು ಆ ಇಬ್ಬರೂ ಬಾಯಿಬಿಟ್ಟು ಹೇಳಿಕೊಂಡದ್ದನ್ನು ನಾನು ಕೇಳಿದವನಲ್ಲ. ಸ್ನೇಹಕ್ಕೆ ಪ್ರಯೋಜನ ಬೆರೆತರೆ ಅದು ಅಶುದ್ಧವಾಯಿತೆಂದು ಭಾವಿಸುವವರೊಡನೆ ನನಗೆ ಸಮ್ಮತಿಯಿಲ್ಲ. ಭೂಮಿಯೇ ಹೊಂದಿಸಿಕೊಟ್ಟ ಮೈತ್ರಿ ನಲವತ್ತು ವರ್ಷ ಬಾಳಿದುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಬಿತ್ತನೆ ಮುಗಿದ ಸಂಜೆ ಕೂರಿಗೆಯ ತಾಳುಗಳಿಗೆ ಮೆತ್ತಿದ ಮಣ್ಣನ್ನು ತೊಳೆದು, ಕೊಳವೆಗಳಲ್ಲಿ ಕಾಳು ಸಿಕ್ಕಿಕೊಂಡಿಲ್ಲವೆಂದು ಊದಿ ನೋಡಿ, ಬಟ್ಟಲಿನಲ್ಲಿ ಒಂದು ಹಿಡಿ ಬೀಜವನ್ನಿಟ್ಟು ಕಳುಹಿಸುತ್ತಿದ್ದರು. ಬಟ್ಟಲು ಬರಿದಾಗಿ ಹೋಗಬಾರದು.

ಕಾಗದವಿಲ್ಲದ ಈ ವ್ಯವಹಾರಕ್ಕೆ ಶಾಸ್ತ್ರದ ಹಿನ್ನೆಲೆಯೂ ಇದೆ. ಯಾಜ್ಞವಲ್ಕ್ಯ ಸ್ಮೃತಿಯ ವ್ಯವಹಾರಾಧ್ಯಾಯ ಇಟ್ಟುಕೊಂಡ ನಿಕ್ಷೇಪದ ನಿಯಮಗಳನ್ನು ಹೇಳಿ, ಬೇಡಿ ತಂದ ವಸ್ತುವಿಗೂ, ಎಂದರೆ ಯಾಚಿತಕ್ಕೂ, ಅದೇ ವಿಧಿಯೆನ್ನುತ್ತದೆ: ಕೊಟ್ಟಂತೆಯೇ ಹಿಂದಿರುಗಿಸತಕ್ಕದ್ದು, ರಾಜನಿಂದಲೋ ದೈವದಿಂದಲೋ ಕಳ್ಳರಿಂದಲೋ ಹೋದದ್ದಕ್ಕೆ ತಂದವನು ಹೊಣೆಯಲ್ಲ. ಆ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದವನು. ಅಂದು ನಮ್ಮ ಸೀಮೆ ಕೋಗಳಿ-500 ಎಂಬ ನಾಡಾಗಿ ಅದೇ ಚಾಲುಕ್ಯರ ಆಳಿಕೆಯಲ್ಲಿತ್ತು. ಬ್ರಿಟಿಷರ 1872ರ ಕರಾರು ಕಾಯಿದೆಯೂ ಇದೇ ದಾರಿಯಲ್ಲಿ ನಡೆಯುತ್ತದೆ. ತನ್ನ ಸೊತ್ತನ್ನು ವಿವೇಕಿಯೊಬ್ಬನು ಹೇಗೆ ಕಾಪಾಡುವನೋ ಹಾಗೆ ತಂದ ಸೊತ್ತನ್ನು ಕಾಪಾಡಬೇಕೆಂದು ಅದರ 151ನೆಯ ಕಲಮು. ವಸ್ತುವಿನಲ್ಲಿ ತನಗೆ ತಿಳಿದ ದೋಷವನ್ನು ಕೊಡುವವನು ಮೊದಲೇ ಹೇಳಬೇಕೆಂದು 150ನೆಯದು. ಬಾಡಿಗೆಯಿಲ್ಲದೆ ಕೊಟ್ಟವನು ಅವಧಿಗೆ ಮುಂಚೆಯೇ ಹಿಂದಕ್ಕೆ ಕೇಳಬಹುದು, ಆದರೆ ಅವನ ಮಾತನ್ನು ನೆಚ್ಚಿ ಕೆಲಸಕ್ಕೆ ಕೈಹಾಕಿದವನಿಗೆ ಪಡೆದ ಲಾಭವನ್ನು ಮೀರಿದ ನಷ್ಟವುಂಟಾದರೆ ಅದನ್ನು ಕಟ್ಟಿಕೊಡಬೇಕೆಂದು 159ನೆಯದು. ಅರ್ಧ ಬಿತ್ತಿದ ಹೊಲದಿಂದ ಕೂರಿಗೆಯನ್ನು ಹೊರಡಿಸಬಾರದೆಂಬ ನಮ್ಮೂರ ಕಟ್ಟಳೆ ಈ ಮೂರನೆಯದರ ಇನ್ನೊಂದು ರೂಪವೇ ಸರಿ.

ತಾಳು ಮುರಿದರೆ? ಇದು ಎಲ್ಲ ಎರವಲುಗಳ ಕಠಿನ ಪ್ರಶ್ನೆ. ಬಡಿಗನೂ ಕಮ್ಮಾರನೂ ಆಯಗಾರರಾಗಿದ್ದು, ಸುಗ್ಗಿಯ ಕಣದಲ್ಲಿ ತಮ್ಮ ಪಾಲಿನ ಸಿವುಡುಗಳನ್ನು ಮನೆಮನೆಯಿಂದ ಪಡೆಯುತ್ತಿದ್ದ ಕಾಲದಲ್ಲಿ, ಮುರಿದ ತಾಳನ್ನು ತಂದವನೇ ಹೆಗಲ ಮೇಲೆ ಹೊತ್ತು ಬಡಿಗನ ಚಪ್ಪರಕ್ಕೆ ಹೋಗುತ್ತಿದ್ದನು. ಕಾಸು ಕೈಬದಲಾಗುತ್ತಿರಲಿಲ್ಲ, ಅದರಿಂದ ಮನಸ್ಸೂ ಕೆಡುತ್ತಿರಲಿಲ್ಲ. ಆಯ ಹೋಗಿ ಕೂಲಿ ಬಂದ ಮೇಲೆ ಮುರಿದ ತಾಳಿಗೆ ಒಂದು ಬೆಲೆ ಬಂತು. ಆ ಬೆಲೆಯನ್ನು ಯಾರು ತೆರಬೇಕೆಂಬ ಮೌನ ಎರಡು ಮನೆಗಳ ನಡುವೆ ವರ್ಷಗಟ್ಟಲೆ ನಿಂತಿತು. ಗೆಳೆಯರು ಉಪಕರಣಗಳನ್ನು ಕೊಡದಾದದ್ದು ಮನುಷ್ಯರು ಸಣ್ಣವರಾದುದರಿಂದ ಎಂದು ಹಿರಿಯರು ನೊಂದುಕೊಳ್ಳುವುದುಂಟು. ದುರಸ್ತಿಯ ವ್ಯವಸ್ಥೆ ಮೊದಲು ಕೆಟ್ಟಿತು, ಔದಾರ್ಯ ಆಮೇಲೆ ಕುಗ್ಗಿತು ಎಂದೇ ನನ್ನ ತೀರ್ಮಾನ.

ಹೆಂಗಸರ ಎರವಲಿಗೆ ಬೇರೆಯೇ ಪಂಚಾಂಗ. ಬೇಸಿಗೆ ಬಂತೆಂದರೆ ಶಾವಿಗೆ ಮಣೆ ಓಣಿಯ ಒಂದು ತುದಿಯಿಂದ ಹೊರಟು ಇನ್ನೊಂದು ತುದಿಯನ್ನು ಮುಟ್ಟುವವರೆಗೆ ತನ್ನ ಮನೆಯನ್ನು ಕಾಣದು. ಇಂದು ಇವರ ಪಡಸಾಲೆ, ನಾಳೆ ಅವರದು, ಮಣೆಯೊಡನೆ ನಾಲ್ಕು ಜೊತೆ ಕೈಗಳೂ ಮನೆಯಿಂದ ಮನೆಗೆ. ದೀಪ ಹಚ್ಚಿದ ಮೇಲೆ ಸೂಜಿ, ಉಪ್ಪು, ಮೊಸರುಗಳನ್ನು ಕೊಡುವುದಿಲ್ಲವೆಂಬ ನೇಮವಿದ್ದುದರಿಂದ ಬೇಡುವವರು ಹೊತ್ತಿರುವಾಗಲೇ ಬರುತ್ತಿದ್ದರು. ಹಿತ್ತಾಳೆಯ ಕೊಡ ತಪ್ಪಲೆಗಳ ಮೇಲೆ ಚುಕ್ಕೆಚುಕ್ಕೆಯಾಗಿ ಕೊರೆಸಿದ ಹೆಸರುಗಳನ್ನು ಓದುತ್ತ ನಾನು ಅಕ್ಷರ ಕಲಿತೆ. ಪಾತ್ರೆ ಮನೆಯಲ್ಲೇ ಇರತಕ್ಕದ್ದಾದರೆ ಅದಕ್ಕೆ ಹೆಸರೇಕೆ ಬೇಕು? ಮದುವೆಗೋ ದಾಸೋಹಕ್ಕೋ ಹೋಗಿ, ನೂರು ಪಾತ್ರೆಗಳ ನಡುವೆ ಬೆರೆತು, ಮರಳಿ ಮನೆಯ ದಾರಿ ಹಿಡಿಯಲೆಂದೇ ಆ ಅಕ್ಷರಗಳು.

ಇಷ್ಟನ್ನೆಲ್ಲ ಪ್ರೀತಿಯಿಂದ ಬರೆಯುವಾಗ ಒಂದು ನೋವನ್ನು ಮುಚ್ಚಿಡಲಾರೆ. ಆ ಕೂರಿಗೆ ಊರೊಳಗೆ ಮನೆಯಿಂದ ಮನೆಗೆ ಹೋದಷ್ಟು ಸಲೀಸಾಗಿ ಕೇರಿಗೆ ಹೋಗುತ್ತಿರಲಿಲ್ಲ. ಹೋದರೂ ಎಲ್ಲರದೂ ಮುಗಿದ ಮೇಲೆ, ಹದ ಆರಿದ ಮೇಲೆ. ಅಲ್ಲಿಯ ಹೊಲಗಳಲ್ಲಿ ಪೈರು ಏಕೆ ತೆಳ್ಳಗೆ ಬರುತ್ತದೆಂದು ಬಾಲಕನಾದ ನಾನು ಕೇಳಿದ್ದೆ, ಭೂಮಿ ಸಾರವಿಲ್ಲದ್ದು ಎಂಬ ಉತ್ತರ ದೊರೆತಿತ್ತು. ಗೆಳೆತನದ ಎಲ್ಲೆಯೇ ಎರವಲಿನ ಎಲ್ಲೆ. ಗೆಳೆತನ ಎಲ್ಲಿ ನಿಂತಿತೋ ಅಲ್ಲಿ ಬಿತ್ತನೆಯೂ ತಡವಾಯಿತು. ಆದುದರಿಂದ 2014ರಲ್ಲಿ ರಾಜ್ಯ ಸರ್ಕಾರ ಕೃಷಿ ಯಂತ್ರಧಾರೆ ಕೇಂದ್ರಗಳನ್ನು ಆರಂಭಿಸಿ, ಟ್ರ್ಯಾಕ್ಟರು ಕೂರಿಗೆ ರೋಟವೇಟರುಗಳು ಬಾಡಿಗೆಗೆ ದೊರಕುವಂತೆ ಮಾಡಿದುದನ್ನು ನಾನು ಮನಃಪೂರ್ವಕವಾಗಿ ಸ್ವಾಗತಿಸುತ್ತೇನೆ. ರಸೀದಿ ಯಾರ ಮನೆಯವನೆಂದು ಕೇಳುವುದಿಲ್ಲ. ಅಮೆರಿಕದ ಬರ್ಕಲಿ ಪಟ್ಟಣದ ಸಾರ್ವಜನಿಕ ಗ್ರಂಥಾಲಯ 1979ರಿಂದ ಪುಸ್ತಕಗಳಂತೆಯೇ ಸುತ್ತಿಗೆ, ಏಣಿ, ಗರಗಸಗಳನ್ನೂ ನಾಗರಿಕರಿಗೆ ಎರವಲು ಕೊಡುತ್ತಿದೆ. ನಮ್ಮ ಪಂಚಾಯತಿಯ ಗ್ರಂಥಾಲಯದ ಮೂಲೆಯಲ್ಲಿ ಒಂದು ಹಾರೆ, ಒಂದು ಏಣಿ, ಒಂದು ಮರ ಕೊಯ್ಯುವ ಯಂತ್ರ ಇದ್ದರೆ ಎಂದು ನಾನು ಆಶಿಸುವುದುಂಟು.

ಆದರೆ ಹದದ ದಿನ ಬಾಡಿಗೆಯ ಯಂತ್ರದ ಮುಂದೆಯೂ ಸಾಲು ನಿಲ್ಲುತ್ತದೆ, ಗೆಳೆಯರ ಕೊಡುಕೊಳ್ಳುವಿಕೆ ಸಣ್ಣ ಉಪಕರಣಗಳಲ್ಲಿ ಇಂದಿಗೂ ಜೀವದಿಂದಿದೆ. ಹಗರಿಬೊಮ್ಮನಹಳ್ಳಿ ಹರಪನಹಳ್ಳಿಗಳ ರಸ್ತೆಯಂಚಿನಲ್ಲಿ ಮೆಕ್ಕೆಜೋಳ ಒಣಗಲು ಹಾಕಿರುವಾಗ ಅಕಾಲದ ಮೋಡ ಕವಿದರೆ, ಫೋನಿನಲ್ಲಿ ಓಡಾಡುವ ಮಾತು ಒಂದೇ: ತಾಡಪಾಲು ಯಾರಲ್ಲಿದೆ? ಔಷಧಿ ಸಿಂಪಡಿಸುವ ಬೆನ್ನಿನ ಪಂಪು ಕೂಡ ಹೀಗೆ ಕೈಯಿಂದ ಕೈಗೆ ಹೋಗುತ್ತದೆ. ಅದರ ವಿಷಯದಲ್ಲಿ ನಾನು ಕಳಕಳಿಯಿಂದ ಒಂದು ಮಾತು ಹೇಳಬೇಕು. ಮೆಕ್ಕೆಜೋಳಕ್ಕೆ 2,4-ಡಿ ಎಂಬ ಕಳೆನಾಶಕವನ್ನು ಹೊಡೆದ ಪಂಪನ್ನು ಬರಿಯ ನೀರಿನಲ್ಲಿ ಅಲುಬಿ ಗೆಳೆಯನಿಗೆ ಕೊಟ್ಟರೆ, ತಳದಲ್ಲುಳಿದ ಅತ್ಯಲ್ಪ ಶೇಷವೇ ಅವನ ಹತ್ತಿಯ ಎಲೆಗಳನ್ನು ಬೆಂಡೆಯ ಎಲೆಯಂತೆ ಸೀಳಿ ಸುರುಟಿಸಿಬಿಡುತ್ತದೆ. ಕೊಟ್ಟವನಿಗೆ ದ್ರೋಹಬುದ್ಧಿಯಿಲ್ಲ, ತಂದವನಿಗೆ ಕಾರಣ ತಿಳಿಯದು. ಸೋಪಿನ ಪುಡಿ ಬೆರೆಸಿದ ನೀರಿನಲ್ಲಿ ಮೇಲಿಂದ ಮೇಲೆ ತೊಳೆದು, ಕೊಳವೆ ನಳಿಕೆಗಳಲ್ಲಿಯೂ ಅದನ್ನು ಹಾಯಿಸಿ, ಇದರಲ್ಲಿ ಕಳೆಯ ಔಷಧಿ ಹೊಡೆದಿದ್ದೆನೆಂದು ಬಾಯಿಬಿಟ್ಟು ಹೇಳುವುದು ಇಂದಿನ ಎರವಲಿನ ಮೊದಲ ಕರ್ತವ್ಯ. ಕಳೆಗೊಂದು ಬೆಳೆಗೊಂದು ಬೇರೆ ಬೇರೆ ಪಂಪನ್ನು ಇರಿಸಿಕೊಳ್ಳುವುದು ಇನ್ನೂ ಕ್ಷೇಮ.

ತಂದೆ ತೀರಿಕೊಂಡ ಮೇಲೆ ಅವರ ಹತ್ಯಾರಗಳನ್ನು ವಿಂಗಡಿಸುವಾಗ ನನಗೊಂದು ಬಾಚಿ ಸಿಕ್ಕಿತು. ನಮ್ಮ ಮನೆಯ ಸಾಮಾನುಗಳ ಕಾವಿನ ಮೇಲೆ ಎರಡು ಕಚ್ಚಿನ ಗುರುತು. ಇದರ ಕಾವಿನ ಮೇಲೆ ಮೂರು. ಎಂದೋ ತಂದದ್ದು ಮರಳಿ ಹೋಗದೆ ಉಳಿದಿತ್ತು. ಅದನ್ನು ಚೀಲದಲ್ಲಿಟ್ಟುಕೊಂಡು ಉಜ್ಜಿನಿಯ ಕಡೆಯ ಆ ಊರಿಗೆ ಹೋದೆ. ತಂದೆಯ ಗೆಳೆಯರು ಆಗಲೇ ಇರಲಿಲ್ಲ. ಅವರ ಮಗ ಬಾಚಿಯನ್ನು ಕೈಯಲ್ಲಿ ತೂಗಿ, ಕಚ್ಚುಗಳ ಮೇಲೆ ಹೆಬ್ಬೆರಳಾಡಿಸಿ, ತಮ್ಮದೇ ಎಂದನು. ಇಷ್ಟು ವರ್ಷ ನೀವು ಹುಡುಕಲಿಲ್ಲವೇ ಎಂದು ಕೇಳಿದೆ.

“ಹುಡುಕೋದು ಯಾಕೆ? ಎಲ್ಲೈತೆ ಅಂತ ಅಪ್ಪಗೆ ಗೊತ್ತಿತ್ತು” ಎಂದನು.

ಬಾಚಿಯನ್ನು ಅವನು ಒಳಗೆ ಗೋಡೆಯ ಗೂಟಕ್ಕೆ ಸಿಕ್ಕಿಸಿ ಬಂದನು. ನಾನು ಹೊರಟು ನಿಂತಾಗ ಬರಿದಾಗಿದ್ದ ನನ್ನ ಚೀಲವನ್ನು ಕೈಯಿಂದ ತೆಗೆದುಕೊಂಡು, ಆ ವರ್ಷದ ಹೊಸ ಹುಣಸೆಹಣ್ಣನ್ನು ಎರಡು ಬೊಗಸೆ ತುಂಬಿ ಕೊಟ್ಟನು.