ಬ್ರೂಕ್ಲಿನ್‌ನ ಹಾಡು, ತಡವಾಗಿ ಸಿಕ್ಕ ಕಿವಿ

1994ರ ಗ್ರ್ಯಾಮಿ ಸಮಾರಂಭದಲ್ಲಿ ಡಿಗಬಲ್ ಪ್ಲಾನೆಟ್ಸ್ ಎಂಬ ಮೂವರ ತಂಡಕ್ಕೆ ರ‍್ಯಾಪ್ ಪ್ರಶಸ್ತಿ ಬಂತು. ವೇದಿಕೆ ಏರಿದವರು ಸಂಭ್ರಮಿಸುವ ಬದಲು, ಸಭಾಂಗಣದ ಹೊರಗೆ ಸೂರಿಲ್ಲದೆ ಬೀದಿಯಲ್ಲಿರುವ ಜನರನ್ನು ನೆನಪಿಸಿದರು. ಅವರ ಮುಂದಿನ ಆಲ್ಬಂ ಎತ್ತ ಸಾಗಲಿದೆ ಎಂಬುದರ ಸುಳಿವು ಆ ಮಾತಿನಲ್ಲೇ ಇತ್ತು.

ಪ್ರಶಸ್ತಿ ತಂದ ಹಾಡು ಜಾಝ್ ಡ್ರಮ್ ವಾದಕ ಆರ್ಟ್ ಬ್ಲೇಕಿಯ ತಂಡದ ಹಳೆಯ ಧ್ವನಿಮುದ್ರಣದ ತುಣುಕಿನ ಮೇಲೆ ಕಟ್ಟಿದ್ದು. ನಯವಾದ, ಕಾಲು ಕುಣಿಸುವ ಹಾಡು. ರೇಡಿಯೊಗೆ ಹೇಳಿ ಮಾಡಿಸಿದಂತಿತ್ತು. ಅದೇ ಧಾಟಿಯಲ್ಲಿ ಇನ್ನೊಂದು ಸಿಕ್ಕರೆ ಸಾಕೆಂಬುದು ಮಾರುಕಟ್ಟೆಯ ನಿರೀಕ್ಷೆ. ಇಶ್ಮಾಯೆಲ್ ಬಟ್ಲರ್, ಲೇಡಿಬಗ್ ಮೆಕ್ಕಾ, ಡೂಡಲ್‌ಬಗ್ ಆ ದಾರಿ ಹಿಡಿಯಲಿಲ್ಲ. ತಾವಿದ್ದ ಬ್ರೂಕ್ಲಿನ್‌ನ ಫೋರ್ಟ್ ಗ್ರೀನ್ ಬಡಾವಣೆಯನ್ನೇ ಹಾಡಾಗಿಸಿದರು. ಕಪ್ಪು ಜನರ ಸ್ವಾಭಿಮಾನದ ಗುರುತಾದ ಗುಂಗುರು ಕೂದಲನ್ನು ಅರಳಿಸಿ ನಿಲ್ಲಿಸುವ ಬಾಚಣಿಗೆ ಆಲ್ಬಂಗೆ ಹೆಸರಾಯಿತು: 'ಬ್ಲೋಔಟ್ ಕೋಂಬ್'. ಒಳಪುಟಗಳನ್ನು ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡಿದ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಪತ್ರಿಕೆಯ ಮಾದರಿಯಲ್ಲಿ ರೂಪಿಸಿದರು.

ಸಂಗೀತವೂ ಹಿಗ್ಗಿತು. ಹಳೆಯ ತಟ್ಟೆಗಳಿಂದ ಆಯ್ದ ತುಣುಕುಗಳ ಜೊತೆಗೆ ವಾದ್ಯಗಾರರು ಸ್ಟುಡಿಯೊದಲ್ಲೇ ಕೂತು ನುಡಿಸಿದರು. ಹಿಂದೊಮ್ಮೆ ಬ್ಲೇಕಿಯ ತಂಡದಲ್ಲೇ ಇದ್ದ ಡೊನಾಲ್ಡ್ ಹ್ಯಾರಿಸನ್ ಅವರ ಸ್ಯಾಕ್ಸಫೋನ್ ಇಲ್ಲಿದೆ. ಯಾರ ತಂಡದ ನಾದವನ್ನು ಮೊದಲ ಆಲ್ಬಂ ತುಣುಕಾಗಿ ಎರವಲು ಪಡೆದಿತ್ತೋ, ಆ ತಂಡದ ಕಲಾವಿದರೊಬ್ಬರು ಈಗ ಎದುರು ನಿಂತು ನುಡಿಸಿದರು. ರ‍್ಯಾಪ್ ಮತ್ತು ಜಾಝ್ ಇಷ್ಟು ಸಮನಾಗಿ ಸೇರಿದ ಆಲ್ಬಂಗಳು ನನಗೆ ಹೆಚ್ಚು ಗೊತ್ತಿಲ್ಲ. ಮೊದಲನೆಯದಕ್ಕಿಂತ ಇದೇ ದೊಡ್ಡ ಕೃತಿ ಎಂದು ಯಾವ ಅಳುಕೂ ಇಲ್ಲದೆ ಹೇಳುತ್ತೇನೆ.

ಅಕ್ಟೋಬರ್‌ನಲ್ಲಿ ಬಿಡುಗಡೆಯಾದಾಗ ಕೊಳ್ಳುವವರು ಕಡಿಮೆ. ರೇಡಿಯೊ ಹಿಡಿದುಕೊಳ್ಳುವಂಥ ಹಾಡು ಅದರಲ್ಲಿರಲಿಲ್ಲ. 1995ರಲ್ಲಿ ತಂಡ ಚದುರಿತು. ಅದು ಸಿ.ಡಿ. ಕಾಲ; ಎಲ್‌ಪಿ ತಟ್ಟೆ ಡಿ.ಜೆ.ಗಳ ಕೈಗಷ್ಟೇ ಎಂಬಂತಾಗಿತ್ತು. ಹಾಗಾಗಿ ಮುಂದೆ ಹುಡುಕಿದವರಿಗೆ ಮೂಲ ತಟ್ಟೆ ಸುಲಭಕ್ಕೆ ಸಿಗಲಿಲ್ಲ.

ಅದನ್ನು ಮತ್ತೆ ತಂದದ್ದು ಬಟ್ಲರ್ ಅವರ ಹುಟ್ಟೂರು ಸಿಯಾಟಲ್. ಅಲ್ಲಿ 2002ರಲ್ಲಿ ಶುರುವಾದ 'ಲೈಟ್ ಇನ್ ದಿ ಅಟಿಕ್' ಕಂಪನಿಗೆ ಮರೆತುಹೋದ ಆಲ್ಬಂಗಳನ್ನು ಹುಡುಕಿ ಮರುಮುದ್ರಿಸುವುದೇ ಕಸುಬು. ಡೆಟ್ರಾಯಿಟ್‌ನ ಗಾಯಕ ರಾಡ್ರಿಗೆಜ್ ಅವರ 'ಕೋಲ್ಡ್ ಫ್ಯಾಕ್ಟ್' ಅನ್ನು 2008ರಲ್ಲಿ ಹೊರತಂದವರೂ ಇವರೇ. ಬಟ್ಲರ್ ಅಷ್ಟರಲ್ಲಿ ಶಬಾಝ್ ಪ್ಯಾಲೆಸಸ್ ಎಂಬ ಹೊಸ ತಂಡ ಕಟ್ಟಿದ್ದರು. ಅದರ 2011ರ 'ಬ್ಲ್ಯಾಕ್ ಅಪ್' ಆಲ್ಬಂ ಮೆಚ್ಚಿದ ಕಿರಿಯರಿಗೆ ಅವರ ಹಿಂದಿನ ಕೆಲಸದತ್ತ ತಿರುಗಿ ನೋಡಲು ಕಾರಣವೂ ಸಿಕ್ಕಿತ್ತು. 2013ರಲ್ಲಿ 'ಬ್ಲೋಔಟ್ ಕೋಂಬ್' ಎರಡು ತಟ್ಟೆಗಳಾಗಿ ಬಂತು. ಸುಮಾರು ಒಂದು ಗಂಟೆಯ ಸಂಗೀತವನ್ನು ಒಂದೇ ತಟ್ಟೆಗೆ ತುರುಕಿದರೆ ಗೆರೆಗಳು ಕಿರಿದಾಗಿ ಧ್ವನಿ ಸೊರಗುತ್ತದೆ. ಈ ಆಲ್ಬಂನ ಜೀವವಾದ ಬೇಸ್ ನಾದಕ್ಕೆ ಅಗಲವಾದ ಗೆರೆಗಳೇ ಬೇಕು.

ಹೊಸದಾಗಿ ಕೇಳುವವರು 'ಬರೋ ಚೆಕ್'ನಿಂದ ಶುರುಮಾಡಲಿ. ಗ್ಯಾಂಗ್ ಸ್ಟಾರ್ ಎಂಬ ರ‍್ಯಾಪ್ ಜೋಡಿಯ ಗಾಯಕ 'ಗುರು' ಅದರಲ್ಲಿ ದನಿಗೂಡಿಸಿದ್ದಾರೆ. ಅಡಿಯಲ್ಲಿ ಹರಿಯುವ ತುಣುಕು ಜಾಝ್ ಕಲಾವಿದ ರಾಯ್ ಏಯರ್ಸ್ ಅವರದು, ಅದೂ ಬ್ರೂಕ್ಲಿನ್ ಕುರಿತ ಹಾಡೇ. ಅಲ್ಲಿಂದ ಏಳು ನಿಮಿಷದ 'ಬ್ಲ್ಯಾಕ್ ಈಗೋ'ಗೆ ಹೋಗಿ.