ಮೊರಪ್ಪೂರಿನ ಒಲೆಯ ಮೇಲೊಂದು ರಾಗಿ ರೊಟ್ಟಿ

“ಹಿಟ್ಟಿಗೆ ನೀರು ಹುಯ್ಯಬೇಡ ಕಣವ್ವಾ. ಕುದಿಯೋ ಎಸರಿಗೆ ಹಿಟ್ಟು ಸುರಿ.”

ಮೊರಪ್ಪೂರಿನ ಸಮೀಪದ ಹಳ್ಳಿಯೊಂದರಲ್ಲಿ, ಎಂಬತ್ತು ದಾಟಿದ ಅಜ್ಜಿಯೊಬ್ಬರು ಮೊಮ್ಮಗನ ಹೆಂಡತಿಗೆ ಹೇಳುತ್ತಿದ್ದರು. ತಮಿಳುನಾಡಿನ ಧರ್ಮಪುರಿ ಜಿಲ್ಲೆಯಲ್ಲಿ ಕನ್ನಡ ಮನೆಮಾತಾಗಿರುವ ಕುಟುಂಬಗಳು ತಲೆಮಾರುಗಳಿಂದ ಇವೆ. ಅಂಥದ್ದೇ ಮನೆ ಇದು. ಹೊಸ್ತಿಲಾಚೆ ತಮಿಳು, ಒಳಗೆ ಕನ್ನಡ. ಮಕ್ಕಳು ಓದುವುದೆಲ್ಲ ತಮಿಳಿನಲ್ಲಿ. ಅಜ್ಜಿಗೆ ಕನ್ನಡ ಅಕ್ಷರ ಬಾರದು. ಆದರೂ ಅವರ ಅತ್ತೆಯಿಂದ ಅವರಿಗೆ, ಅವರಿಂದ ಸೊಸೆಗೆ ರೊಟ್ಟಿಯ ಜೊತೆ ಮಾತೂ ಇಳಿದು ಬಂದಿದೆ. ಈಗ ಮೊಮ್ಮಗನ ಹೆಂಡತಿಯ ಸರದಿ. ಆಕೆ ಸೇಲಂ ಕಡೆಯ ತಮಿಳು ಹುಡುಗಿ. ತವರಿನಲ್ಲಿ ಅನ್ನ, ಇಡ್ಲಿ ಉಂಡು ಬೆಳೆದವಳು. “ಅವ್ವಾ, ಸಾಕಾ?” ಎಂದು ಅರೆಗನ್ನಡದಲ್ಲಿ ಕೇಳುತ್ತಾಳೆ. ಅಜ್ಜಿ ಹಿಟ್ಟು ಒತ್ತಿ ನೋಡಿ, “ಇನ್ನೊಂದೀಟು ನಾದು” ಅನ್ನುತ್ತಾರೆ.

ನಾನು ಹೋದದ್ದು ಆ ಅಜ್ಜಿಯ ಕೈ ನೋಡಲು. ಎಸರಿನಿಂದ ಇಳಿಸಿದ ಹಿಟ್ಟು ಹಬೆಯಾಡುತ್ತಿರುವಾಗಲೇ ಅವರು ಕೈಯಿಡುತ್ತಾರೆ. ತಣ್ಣೀರಿನ ಬಟ್ಟಲಲ್ಲಿ ಬೆರಳದ್ದಿ, ಅಂಗೈಯ ಬುಡದಿಂದ ಒತ್ತಿ, ಮಡಚಿ, ಮತ್ತೆ ಒತ್ತಿ ನಾದುತ್ತಾರೆ. ಗೋಧಿಯಲ್ಲಿರುವ ಅಂಟು, ಅಂದರೆ ಗ್ಲುಟೆನ್, ರಾಗಿಯಲ್ಲಿಲ್ಲ. ತಣ್ಣೀರಿನಲ್ಲಿ ಕಲಸಿದರೆ ತೆಳ್ಳಗೆ ತಟ್ಟುವಾಗ ಅಂಚು ಸೀಳುತ್ತದೆ. ಕುದಿನೀರಿಗೆ ಬಿದ್ದಾಗ ಹಿಟ್ಟಿನ ಪಿಷ್ಟ ಬೆಂದು ಜಿಗುಟಾಗುತ್ತದೆ. ರೊಟ್ಟಿಯನ್ನು ಹಿಡಿದಿಡುವುದು ಆ ಜಿಗುಟೇ. ಅಜ್ಜಿಗೆ ಪಿಷ್ಟದ ಮಾತು ಬೇಕಿಲ್ಲ. ಉಂಡೆಯನ್ನು ಒತ್ತಿದಾಗ ಅಂಚು ಬಿರಿಯಬಾರದು, ಬೆರಳಿಗೆ ಮೆತ್ತಬಾರದು. ಅವರ ಲೆಕ್ಕ ಅಷ್ಟೇ.

ದಿನದ ರೊಟ್ಟಿಗೆ ಈರುಳ್ಳಿ, ಹಸಿಮೆಣಸು, ನುಗ್ಗೆಸೊಪ್ಪು ಸೇರುತ್ತವೆ. ಕಾಲ ಬಂದಾಗ ಅವರೆಕಾಳು. ಎಣ್ಣೆ ಸವರಿದ ಬಾಳೆ ಎಲೆಯ ಮೇಲೆ ಉಂಡೆಯಿಟ್ಟು, ಎಡಗೈಯಿಂದ ಎಲೆ ತಿರುಗಿಸುತ್ತ ಬಲಗೈ ಬೆರಳುಗಳಲ್ಲಿ ತಟ್ಟುತ್ತಾರೆ. ನಡುವೆ ಒಂದೆರಡು ತೂತು. ಎಲೆಸಮೇತ ಕಾದ ಕಬ್ಬಿಣದ ಹೆಂಚಿಗೆ ಬೋರಲು ಹಾಕಿದರೆ, ಕ್ಷಣದಲ್ಲಿ ಎಲೆ ಬಾಡಿ ತಾನಾಗಿ ಬಿಟ್ಟುಕೊಳ್ಳುತ್ತದೆ. ತೂತಿಗೆ ಎಣ್ಣೆ ಬಿಟ್ಟು, ಮುಚ್ಚಿ, ಮಗುಚಿ ತೆಗೆಯುತ್ತಾರೆ. ಜೊತೆಗೆ ಹುಚ್ಚೆಳ್ಳು ಚಟ್ನಿ. ಬಾಡಿದ ಬಾಳೆ ಎಲೆಯ ಆ ವಾಸನೆ ಯಾವ ಹೋಟೆಲಿನ ರೊಟ್ಟಿಯಲ್ಲೂ ನನಗೆ ಸಿಕ್ಕಿಲ್ಲ.

ಪ್ರಯಾಣದ ರೊಟ್ಟಿಯೇ ಬೇರೆ. ಈರುಳ್ಳಿ, ಸೊಪ್ಪು ಯಾವುದೂ ಇಲ್ಲ, ಉಪ್ಪು ಮಾತ್ರ. ತೆಳ್ಳಗೆ ತಟ್ಟಿ, ಕೆಂಡದ ಮುಂದೆ ನಿಲ್ಲಿಸಿ ನೀರಿನಂಶ ಆರುವವರೆಗೆ ಸುಡುತ್ತಿದ್ದರಂತೆ. ಅಜ್ಜಿಯ ಅತ್ತೆ ಹೊಸೂರು ಕಡೆಯಿಂದ ಮದುವೆಯಾಗಿ ಬಂದದ್ದು ಪುಟ್ಟ ರೈಲಿನಲ್ಲಿ, ಮಡಿಲಲ್ಲಿ ಅಂಥ ರೊಟ್ಟಿಯ ಗಂಟು ಇಟ್ಟುಕೊಂಡು. ಆ ರೈಲು ನಿಜಕ್ಕೂ ಇತ್ತು. ಮೊರಪ್ಪೂರಿನಿಂದ ಧರ್ಮಪುರಿಗೆ 1906ರಲ್ಲಿ ನ್ಯಾರೋಗೇಜ್ ಹಳಿ ಬಂತು, 1913ರಲ್ಲಿ ಅದು ಹೊಸೂರಿಗೆ ಬೆಳೆಯಿತು. ಎರಡನೇ ಮಹಾಯುದ್ಧದ ಹೊತ್ತಿಗೆ, 1941ರಲ್ಲಿ ನಿಂತುಹೋಯಿತು. ಮೊರಪ್ಪೂರು–ಧರ್ಮಪುರಿ ನಡುವೆ ಹೊಸ ಮಾರ್ಗಕ್ಕೆ ಶಂಕುಸ್ಥಾಪನೆ ಆದದ್ದು 2019ರಲ್ಲಿ.

ಈ ನೆಲಕ್ಕೆ ಕನ್ನಡದ ನಂಟು ರೈಲಿಗಿಂತ ಎಷ್ಟೋ ಹಳೆಯದು. ಧರ್ಮಪುರಿ ಅಂದಿನ ತಗಡೂರು. 9ನೇ ಶತಮಾನದ ನೊಳಂಬ ಅರಸರ ಕನ್ನಡ ಶಾಸನ ಅಲ್ಲಿ ಸಿಕ್ಕಿದೆ. ಮುಂದೆ ಬಾರಾಮಹಲ್ ಎಂದು ಕರೆಸಿಕೊಂಡ ಈ ಸೀಮೆ 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪುವಿನಿಂದ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಹೋಯಿತು. ಧರ್ಮಪುರಿ ಪ್ರತ್ಯೇಕ ಜಿಲ್ಲೆಯಾಗಿ ಸೇಲಂನಿಂದ ಬೇರ್ಪಟ್ಟದ್ದು 1965ರಲ್ಲಿ. ಇಷ್ಟೆಲ್ಲ ಗಡಿ ಬದಲಾದರೂ ಮಳೆಯನ್ನೇ ನಂಬಿದ ಹೊಲಗಳಲ್ಲಿ ರಾಗಿ ಉಳಿಯಿತು, ನಡುನಡುವೆ ಅವರೆಯ ಸಾಲೂ ಉಳಿಯಿತು.

ಅಡುಗೆಮನೆಯಲ್ಲಿ ಮಾತ್ರ ರಾಗಿ ಹಿಂದೆ ಸರಿದಿದೆ. ಅಗ್ಗದ ಅಕ್ಕಿ ಬಂತು. ಬೀಸುವ ಕಲ್ಲು ಹಿತ್ತಿಲು ಸೇರಿತು. ದಿನವಿಡೀ ಕೂಲಿಗೋ ಕಾರ್ಖಾನೆಗೋ ಹೋಗಿ ಬರುವ ಹೆಣ್ಣುಮಕ್ಕಳಿಗೆ ಒಂದೊಂದೇ ರೊಟ್ಟಿ ತಟ್ಟುತ್ತ ಕೂರಲು ಪುರುಸೊತ್ತೆಲ್ಲಿ? ಅವರನ್ನು ದೂರುವುದು ತಪ್ಪು. ತಟ್ಟುವ ಕೆಲಸ ಹೆಂಗಸರದ್ದೇ ಎಂದು ಕೈಕಟ್ಟಿ ಕೂತ ಗಂಡಸರೂ ಇದಕ್ಕೆ ಹೊಣೆ. 2023ರಲ್ಲಿ, ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷದಲ್ಲೇ, ತಮಿಳುನಾಡು ಸರ್ಕಾರ ಧರ್ಮಪುರಿ ಮತ್ತು ನೀಲಗಿರಿ ಜಿಲ್ಲೆಗಳ ಪಡಿತರ ಅಂಗಡಿಗಳಲ್ಲಿ ಅಕ್ಕಿಯ ಬದಲಿಗೆ 2 ಕೆ.ಜಿ. ರಾಗಿ ಕೊಡತೊಡಗಿತು. ಒಳ್ಳೆಯ ಕೆಲಸ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂ ಮೀರಿ ಸುಣ್ಣದಂಶವಿದೆ. ಅಕ್ಕಿಯಲ್ಲಿ ಅದರ ಹತ್ತರಲ್ಲೊಂದು ಪಾಲೂ ಇಲ್ಲ. ಆದರೆ ರಾಗಿ ಮನೆಗೆ ಬಂದರೆ ಸಾಲದು, ತಟ್ಟುವ ಕೈಯೂ ಬೇಕು. ಶಾಲೆಯ ಬಿಸಿಯೂಟದಲ್ಲಿ, ಹೆಣ್ಣುಮಕ್ಕಳ ಸ್ವಸಹಾಯ ಗುಂಪುಗಳಲ್ಲಿ ಇಂಥ ಅಜ್ಜಿಯರನ್ನು ಕೂರಿಸಿ ಕಲಿಸುವಂತಾಗಬೇಕು.

ಸೇಲಂನ ಹುಡುಗಿ ತಟ್ಟಿದ ಮೂರನೆಯ ರೊಟ್ಟಿ ಹರಿಯದೆ ಹೆಂಚಿಗೆ ಬಿತ್ತು. ಅಜ್ಜಿ ಹೊಗಳಲಿಲ್ಲ, ಮುಂದಿನ ಉಂಡೆ ಕೊಟ್ಟರು. ಈಗ ಅವರ ಬೆರಳು ಮರಗಟ್ಟುತ್ತಿವೆ. ಹೆಚ್ಚು ಹೊತ್ತು ನಾದಲಾಗುವುದಿಲ್ಲ. ನಿಮ್ಮ ಮನೆಯಲ್ಲೂ ರೊಟ್ಟಿ ತಟ್ಟುವ ಹಿರಿಯರಿದ್ದರೆ, ಈ ಅವರೆ ಕಾಲ ಮುಗಿಯುವುದರೊಳಗೆ ಪಕ್ಕದಲ್ಲಿ ಕೂತು, ಹಿಟ್ಟಿಗೆ ಕೈ ಹಾಕಿ ಕಲಿತುಕೊಳ್ಳಿ.