ಕೊಳ್ಳೇಗಾಲವನ್ನು ಕೊಳ್ಳುವವರು

ಬೆಂಗಳೂರಿನಲ್ಲಿ ಯಾರಾದರೂ ‘ಯಾವೂರು?’ ಎಂದು ಕೇಳಿ ನಾವು ‘ಕೊಳ್ಳೇಗಾಲ’ ಎಂದೆವೋ, ಮುಂದಿನ ಮಾತು ಏನೆಂದು ನಮ್ಮ ಕಡೆಯವರಿಗೆಲ್ಲ ಬಾಯಿಪಾಠ. ‘ಅಯ್ಯೋ, ನಿಮ್ಮ ಹತ್ರ ಹುಷಾರಾಗಿರಬೇಕಪ್ಪ!’ ಆಮೇಲೊಂದು ನಗೆ. ನಿಂಬೆಹಣ್ಣು, ಕುಂಕುಮ, ಮಾಟ. ಸಿನಿಮಾದ ಹಾಸ್ಯನಟರು ಈ ಹೆಸರನ್ನು ಅಷ್ಟು ಉಜ್ಜಿದ್ದಾರೆ. ಎಲ್ಲೋ ದೂರದ ಊರಿನ ಬಸ್ ನಿಲ್ದಾಣದ ಗೋಡೆಯಲ್ಲೂ ‘ಕೊಳ್ಳೇಗಾಲದ ಪ್ರಸಿದ್ಧ ಗುರೂಜಿ’ಯ ಭಿತ್ತಿಪತ್ರ ಫೋನ್ ನಂಬರ್ ಸಮೇತ ಅಂಟಿರುತ್ತದೆ. 2011ರ ಜನಗಣತಿಯ ಪ್ರಕಾರ ಸುಮಾರು 57 ಸಾವಿರ ಜನರಿದ್ದ ಊರಿಗೆ ಒಂದು ಕಾಸು ಖರ್ಚಿಲ್ಲದೆ ಸಿಕ್ಕಿರುವ ಪ್ರಚಾರ ಇದು. ತಕರಾರು ಒಂದೇ: ಊರಿನ ಹೆಸರಲ್ಲಿ ಬಿಕರಿಯಾಗುವ ಸರಕನ್ನು ಊರು ತಯಾರಿಸುವುದಿಲ್ಲ, ಊರು ತಯಾರಿಸುವ ಸರಕಿನ ಮೇಲೆ ಊರಿನ ಹೆಸರಿರುವುದಿಲ್ಲ.

ಈ ಎರಡನೆಯ ಮಾತು ನನಗೆ ಹೊಳೆದದ್ದು ದೇವಾಂಗರ ಬೀದಿಯ ಒಂದು ಮನೆಯಲ್ಲಿ. ನಡುಮನೆಯ ಅರ್ಧವನ್ನು ಗುಂಡಿಮಗ್ಗವೇ ನುಂಗಿತ್ತು. ಮೇಲೆ ಜಕಾರ್ಡಿನ ತೂತುಬಿದ್ದ ಅಟ್ಟೆಗಳ ಸರ, ಕೆಳಗೆ ಬಿಗಿಯಾಗಿ ಎಳೆದ ಹಾಸು. ಯಜಮಾನರು ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತು, ಹಗ್ಗ ಜಗ್ಗಿದಾಗಲೆಲ್ಲ ಲಾಳಿ ಟಕ್ಕೆಂದು ಆಚೆ ದಡ ಮುಟ್ಟುತ್ತಿತ್ತು. ಸೆರಗಿನ ಭಾಗಕ್ಕೆ ಬಂದಿದ್ದರು. ಅಲ್ಲಿ ಕೈ ನಿಧಾನ. ಒಂದು ಎಳೆ ತುಂಡಾಯಿತು. ಮಾತು ನಿಲ್ಲಿಸದೆಯೇ ಎರಡು ಬೆರಳ ಮಧ್ಯೆ ಹೊಸೆದು ಗಂಟು ಹಾಕಿದರು. ಗಂಟು ಎಲ್ಲಿದೆಯೆಂದು ನನಗೆ ಕಾಣಲೇ ಇಲ್ಲ.

‘ಈ ಸೀರೆಗೆ ಏನಂತ ಹೆಸರು?’ ಎಂದೆ.

‘ನೇಯೋಗಂಟ ಕೊಳ್ಳೇಗಾಲ್ದು ಸಾ. ಬೆಂಗ್ಳೂರು ಅಂಗ್ಡಿಗ ಹೋದ್ಮೇಲ ಅವ್ರಿಟ್ಟಿದ್ದೇ ಹೆಸ್ರು.’

ಸೀರೆಯಂತೆ ಊರಿಗೂ ಒಂದು ಹೆಸರು ಕಟ್ಟಿ ಬಂಡವಾಳದವರ ಮುಂದೆ ಇಡುವುದು ಈಗ ಜಗತ್ತಿನ ಎಲ್ಲೆಡೆ ಒಂದು ಕಸುಬು. ಉಕ್ರೇನಿನ ವಿನ್ನಿತ್ಸಿಯಾ ಎಂಬ ಮಧ್ಯಮ ಗಾತ್ರದ ನಗರ ಜ್ಯೂರಿಕ್‌ನಿಂದ ಬಂದ ಹಳೆಯ ಟ್ರಾಮ್‌ಗಳನ್ನು ಓಡಿಸಿತು. ಅಲ್ಲಿನ ಮಿಠಾಯಿ ಕಂಪನಿ 2011ರಲ್ಲಿ ನದಿಯ ಮೇಲೆ ಬಣ್ಣದ ಕಾರಂಜಿ ಕಟ್ಟಿತು. ಊರು ಅವನ್ನೇ ತೋರಿಸಿ ‘ಬನ್ನಿ’ ಎಂದಿತು. ನಮ್ಮಲ್ಲಿ ಕರೆಯುವ ಕೆಲಸ ಊರಿನದಲ್ಲ, ರಾಜ್ಯದ್ದು. 2010ರಿಂದ ಬೆಂಗಳೂರಿನಲ್ಲಿ ಹೂಡಿಕೆದಾರರ ಸಮಾವೇಶಗಳು ನಡೆಯುತ್ತಿವೆ. 2025ರ ಫೆಬ್ರುವರಿಯ ಸಮಾವೇಶದ ಕೊನೆಗೆ ಘೋಷಿಸಿದ ಮೊತ್ತ 10.27 ಲಕ್ಷ ಕೋಟಿ ರೂಪಾಯಿ. ಅಷ್ಟು ಸೊನ್ನೆಗಳ ನಡುವೆ ಕೊಳ್ಳೇಗಾಲ, ನೆರೆಯ ಹನೂರು, ಯಳಂದೂರುಗಳನ್ನು ಹುಡುಕಲು ಭೂತಗನ್ನಡಿ ಬೇಕು.

ಹಾಗೆಂದು ಈ ಸೀಮೆಗೆ ಹೂಡಿಕೆದಾರರು ಹೊಸಬರೇನಲ್ಲ. 1799ರಲ್ಲಿ ಟಿಪ್ಪು ಮಡಿದ ಮೇಲೆ ಕೊಳ್ಳೇಗಾಲ ಕಂಪನಿ ಸರ್ಕಾರದ ಕೊಯಮತ್ತೂರು ಜಿಲ್ಲೆಗೆ ಸೇರಿತು. ಅರ್ಧ ಗಂಟೆ ಹಾದಿಯ ಯಳಂದೂರು ಮೈಸೂರಿನಲ್ಲೇ ಉಳಿಯಿತು. 1807ರಲ್ಲಿ ಅದನ್ನು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಡಲಾಯಿತು. ಅದು ಮಾಡಿದ ಸೇವೆಗೆ ಕೊಟ್ಟ ಇನಾಮು. ಮಾಡಬೇಕಾದ ಕೆಲಸ ತೋರಿಸಿ ಜಮೀನು ಕೊಟ್ಟ ಕಥೆ ಅಲ್ಲೇ ಹತ್ತಿರದ ಶಿವನಸಮುದ್ರದಲ್ಲಿದೆ. ಕಾಡು ಬೆಳೆದು, ಹಳೆಯ ಸೇತುವೆಗಳು ಮುರಿದುಬಿದ್ದ ಆ ನಡುಗಡ್ಡೆಗೆ ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ರಾಮಸ್ವಾಮಿ ಮೊದಲಿಯಾರ್ ಎಂಬವರು ಬಂದರು. ಮೈಸೂರು ರೆಸಿಡೆಂಟರ ಕಚೇರಿಯ ನಂಬಿಕೆಯ ಮನುಷ್ಯ. ಕಲ್ಲುಕಂಬಗಳ ಮೇಲೆ ಸೇತುವೆಗಳನ್ನು ಎತ್ತಿಸಿದರು. ಅದಕ್ಕೆ ಬದಲಾಗಿ ಮದ್ರಾಸು, ಮೈಸೂರು ಎರಡೂ ಕಡೆಯಿಂದ ಜಹಗೀರು, ಜೊತೆಗೆ ‘ಜನೋಪಕಾರ ಕಾಮಕರ್ತ’ ಎಂಬ ಬಿರುದು. ಸೇತುವೆಗಳಿಗೆ ಮಾತ್ರ ಕಟ್ಟಿಸಿದವರ ಹೆಸರಿಲ್ಲ. ಒಂದು ವೆಲ್ಲೆಸ್ಲಿಯದು, ಜನರ ಬಾಯಲ್ಲಿ ‘ವೆಸ್ಲಿ’. ಇನ್ನೊಂದು ಮದ್ರಾಸಿನ ಗವರ್ನರ್ ಲಷಿಂಗ್ಟನ್ನನದು. ನೋಡಿ, ಅಲ್ಲೂ ಅದೇ ಪಾಡು: ಮಾಡಿದ್ದು ಒಬ್ಬರು, ಹೆಸರು ಇನ್ನೊಬ್ಬರದು.

ಅದೇ ನೀರಿನಲ್ಲಿ 1902ರ ಜೂನ್‌ನಲ್ಲಿ ವಿದ್ಯುತ್ ಹುಟ್ಟಿತು. ಯೋಜನೆಯ ಹಿಂದೆ ಇದ್ದವರು ದಿವಾನ್ ಶೇಷಾದ್ರಿ ಅಯ್ಯರ್ ಮತ್ತು ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್. ದೀಪ ಹೊತ್ತುವ ಹೊತ್ತಿಗೆ ದಿವಾನರಾಗಿದ್ದವರು ಪಿ.ಎನ್. ಕೃಷ್ಣಮೂರ್ತಿ, ಪೂರ್ಣಯ್ಯನವರ ವಂಶಸ್ಥರು, ಯಳಂದೂರಿನ ಜಹಗೀರುದಾರರು. ಟರ್ಬೈನುಗಳು ಬಂದದ್ದು ಜ್ಯೂರಿಕ್‌ನ ಎಶರ್ ವಿಸ್ ಕಂಪನಿಯಿಂದ, ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಿಂದ. ಇವತ್ತಿನ ಯಾವ ಸಮಾವೇಶದ ವೇದಿಕೆಗೂ ಕಮ್ಮಿಯಿಲ್ಲದ ಯಾದಿ! ಗಿರಾಕಿ ಮಾತ್ರ ಇಲ್ಲಿಯವನಲ್ಲ. ತಂತಿ ಸುಮಾರು 148 ಕಿಲೋಮೀಟರ್ ನಡೆದು ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿದೀಪ ಹೊತ್ತಿತು. ಗಗನಚುಕ್ಕಿ ಮೈಸೂರಿನ ಕಡೆ ದುಡಿಯಿತು. ಕೊಳ್ಳೇಗಾಲದ ಪಾಲಿಗೆ ಬಂದ ಭರಚುಕ್ಕಿ ಸುಮ್ಮನೆ ಧುಮ್ಮಿಕ್ಕುತ್ತಾ ಕೂತಿತು. ಈಗ ಮಳೆಗಾಲದಲ್ಲಿ ಅಲ್ಲಿ ಜಲಪಾತೋತ್ಸವ ಮಾಡುತ್ತಾರೆ, ಬಣ್ಣದ ದೀಪ ಬಿಡುತ್ತಾರೆ. ನಮ್ಮ ಕಾರಂಜಿ ಅದೇ.

ಈ ಊರಿನ ನಿಜವಾದ ಬಂಡವಾಳ ಹುಳು. ಮದ್ರಾಸು ಪ್ರಾಂತ್ಯದಲ್ಲಿ ರೇಷ್ಮೆ ಕೃಷಿ ಎಂದರೆ ಮುಖ್ಯವಾಗಿ ಕೊಳ್ಳೇಗಾಲ ತಾಲ್ಲೂಕು. ಹಿಪ್ಪುನೇರಳೆ ತೋಟ, ಹುಳು ಹಣ್ಣಾದಾಗ ಮನೆಯ ಹೊರಗೆ ಒರಗಿಸಿದ ಚಂದ್ರಿಕೆಗಳು, ಅವುಗಳಲ್ಲಿ ಮೈಸೂರು ತಳಿಯ ಹಳದಿ ಗೂಡು. ನನ್ನ ತಲೆಮಾರಿನವರ ನೆನಪಿನಲ್ಲಿ ಇದೆಲ್ಲ ಇನ್ನೂ ಹಸಿಯಾಗಿದೆ. ಗೂಡಿನಿಂದ ನೂಲು ಬಿಚ್ಚುವ ಸರ್ಕಾರಿ ಫಿಲೇಚರುಗಳು ಕೊಳ್ಳೇಗಾಲದಲ್ಲಿದ್ದವು, ಯಳಂದೂರು ತಾಲ್ಲೂಕಿನ ಮಾಂಬಳ್ಳಿಯಲ್ಲಿದ್ದವು, ಆಚೆ ಸಂತೇಮರಹಳ್ಳಿಯಲ್ಲೂ ಇದ್ದವು. ಬೆಂದ ಗೂಡಿನ ಆ ವಾಸನೆ ಹೊಸಬರಿಗೆ ಹೊಟ್ಟೆ ತೊಳಸುವಂಥದ್ದು. ಸಂಬಳದ ದಿನ ಮಾತ್ರ ಮಾಂಬಳ್ಳಿಯವರಿಗೆ ಅದು ಸುವಾಸನೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪ್ಯಾರಾಚೂಟಿಗೆ ರೇಷ್ಮೆ ಬೇಕಾಯಿತು. ಆಗ ಈ ಕಡೆಯ ನೂಲಿಗೆ ಎಲ್ಲಿಲ್ಲದ ಬೆಲೆ. 1980ರಲ್ಲಿ ರೇಷ್ಮೆಹುಳುವಿನ ಶತ್ರು ಊಜಿ ನೊಣ ಬಂತು. ಹಿಂದೆಯೇ ಚೀನಾದ ಅಗ್ಗದ ರೇಷ್ಮೆ, ಬತ್ತಿದ ಬೋರ್‌ವೆಲ್ಲು. ಫಿಲೇಚರುಗಳು ಸದ್ದು ಕಳೆದುಕೊಂಡವು. ಮಗ್ಗ ಉಳಿಯಿತು. ‘ಮೈಸೂರು ಸಿಲ್ಕ್’ ಎನ್ನುವುದು ಕಾನೂನಿನ ರಕ್ಷಣೆಯಿರುವ ಹೆಸರಾಯಿತು, ಇಳಕಲ್ ಸೀರೆಗೂ ಮೊಳಕಾಲ್ಮೂರು ಸೀರೆಗೂ ಭೌಗೋಳಿಕ ಗುರುತು ಸಿಕ್ಕಿತು. ಮದುವೆ ಜವಳಿಗೆ ಹೋದವರು ‘ಕೊಳ್ಳೇಗಾಲದ್ದು ತೋರಿಸಿ’ ಎಂದದ್ದನ್ನು ನಾನಂತೂ ಕೇಳಿಲ್ಲ.

1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು. ಕನ್ನಡದ ಊರು ಕನ್ನಡನಾಡಿಗೆ ಬಂದ ಸಂತೋಷದಲ್ಲಿ, ಕೊಯಮತ್ತೂರಿನಂಥ ಗಿರಣಿ ಪಟ್ಟಣದ ಜಿಲ್ಲೆಯಿಂದ ಹೊರಬಂದೆವೆಂಬ ಲೆಕ್ಕ ಆಗ ಯಾರೂ ಹಾಕಿರಲಾರರು. ಮೊದಲು ಮೈಸೂರು ಜಿಲ್ಲೆ, 1997ರಿಂದ ಚಾಮರಾಜನಗರ ಜಿಲ್ಲೆ, ಆಮೇಲೆ ಹನೂರು ಬೇರೆ ತಾಲ್ಲೂಕು. ಎಲ್ಲ ಕಾಲದಲ್ಲೂ ಊರು ಯಾವುದಾದರೊಂದು ನಕ್ಷೆಯ ಅಂಚಿನಲ್ಲಿ. ಕೊಯಮತ್ತೂರು ಮಾತ್ರ ನಮ್ಮನ್ನು ಪೂರಾ ಮರೆತಿಲ್ಲ. ಕುಂತೂರಿನ ಸಕ್ಕರೆ ಕಾರ್ಖಾನೆ ಇಂದು ಅಲ್ಲಿಯ ಬಣ್ಣಾರಿ ಅಮ್ಮನ್ ಕಂಪನಿಯದು.

ಇನ್ನು ಹನೂರಿನ ಕಡೆ. ಅಲ್ಲಿಯ ಹೆಸರನ್ನು ಊರೂರಿಗೆ ಹೊತ್ತವರು ಮಲೆಮಹದೇಶ್ವರ ಬೆಟ್ಟದ ಮಾದಪ್ಪನನ್ನು ಹಾಡುವ ಕಂಸಾಳೆಯವರು. ಚಿಕ್ಕಲ್ಲೂರಿನ ಸಿದ್ದಪ್ಪಾಜಿಯ ಕಥೆಯನ್ನು ನೀಲಗಾರರು ರಾತ್ರಿಯಿಡೀ ಹಾಡುತ್ತಾರೆ. ಅದರಲ್ಲಿ ಗುರು ಮಂಟೇಸ್ವಾಮಿಯ ಮಾತಿನಂತೆ ಸಿದ್ದಪ್ಪಾಜಿ ಹಲಗೂರಿನ ಪಾಂಚಾಳರಲ್ಲಿಗೆ ಕಬ್ಬಿಣದ ಭಿಕ್ಷೆಗೆ ಹೋಗುತ್ತಾನೆ. ಕುಲುಮೆ ಇಟ್ಟುಕೊಂಡ ಸಿರಿವಂತರು ಸುಲಭಕ್ಕೆ ಕೊಡುತ್ತಾರೆಯೇ? ಕಾಡಿಸುತ್ತಾರೆ, ಪರೀಕ್ಷೆ ಒಡ್ಡುತ್ತಾರೆ, ಆತ ಪವಾಡದಿಂದ ಗೆಲ್ಲುತ್ತಾನೆ. ಬಂಡವಾಳ ಕೇಳಲು ಹೋದವರ ಪಾಡನ್ನು ಇಷ್ಟು ಚೆನ್ನಾಗಿ ಹೇಳಿದ ಕಾವ್ಯ ಇನ್ನೊಂದಿಲ್ಲ ಎಂದು ನನಗೊಂದು ತಮಾಷೆಯ ನಂಬಿಕೆ. ಸಿನಿಮಾದ ‘ಕೊಳ್ಳೇಗಾಲದ ಮಾಟ’ ಈ ಪವಾಡಗಳು ಹದಗೆಟ್ಟು ಹುಟ್ಟಿದ ಕೂಸಿರಬಹುದು. ಇದೂ ನನ್ನ ಊಹೆಯೇ.

ಆಮೇಲೆ ಕಂಸಾಳೆಯ ದನಿಯನ್ನು ಕಾಡುಗಳ್ಳ ವೀರಪ್ಪನ್‌ನ ಬಂದೂಕು ಮುಚ್ಚಿತು. 1992ರಲ್ಲಿ ಮೀಣ್ಯಂನಲ್ಲಿ ಎಸ್‌ಪಿ ಹರಿಕೃಷ್ಣ ಮತ್ತು ಶಕೀಲ್ ಅಹಮದ್ ಹತ್ಯೆ, 1993ರಲ್ಲಿ ಪಾಲಾರ್ ಸ್ಫೋಟ, 2002ರಲ್ಲಿ ಕಾಮಗೆರೆಯಿಂದ ಮಾಜಿ ಸಚಿವ ಎಚ್. ನಾಗಪ್ಪ ಅವರ ಅಪಹರಣ, ನೂರಕ್ಕೂ ಹೆಚ್ಚು ದಿನಗಳ ನಂತರ ಕಾಡಿನಲ್ಲಿ ಅವರ ಶವ. 2004ರ ಅಕ್ಟೋಬರಿನಲ್ಲಿ ವೀರಪ್ಪನ್ ಸಾಯುವವರೆಗೆ ಈ ಸೀಮೆಗೆ ಹೊರಗಿನಿಂದ ಬರುತ್ತಿದ್ದವರು ಪೊಲೀಸರು, ಪತ್ರಕರ್ತರು, ಮಾದಪ್ಪನ ಭಕ್ತರು. ಕಾರ್ಖಾನೆ ಹಾಕಲು ಯಾರು ಬಂದಾರು? ಸಾಲದ್ದಕ್ಕೆ ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆಂಬ ನಂಬಿಕೆ ಬೇರೆ. ಸಿದ್ದರಾಮಯ್ಯನವರು ಮೊದಲ ಅವಧಿಯಲ್ಲಿ ಮತ್ತೆ ಮತ್ತೆ ಬಂದು ಅದರ ವಿಷ ಇಳಿಸಿದರು. 2025ರ ಏಪ್ರಿಲ್ 24ರಂದು ಸಚಿವ ಸಂಪುಟವೇ ಮಲೆಮಹದೇಶ್ವರ ಬೆಟ್ಟದಲ್ಲಿ ಸೇರಿತು.

ವೀರಪ್ಪನ್ ಹುಟ್ಟಿದ ಗೋಪಿನಾಥಂನಲ್ಲಿ ಈಗ ಸರ್ಕಾರಿ ಒಡೆತನದ ಜಂಗಲ್ ಲಾಡ್ಜಸ್‌ನ ಬಿಡಾರವಿದೆ. ಜನ ಹಣ ಕೊಟ್ಟು ಉಳಿಯುತ್ತಾರೆ, ಕಾಡು ಸುತ್ತುತ್ತಾರೆ. ಅದರ ಹೆಸರಿನಲ್ಲೇ ‘ಮಿಸ್ಟರಿ’ ಎಂಬ ಮಾತಿದೆ. ಕೆಟ್ಟ ಹೆಸರನ್ನು ಒರೆಸದೆ ಅದನ್ನೇ ತಿರುಗಿಸಿ ಮಾರುವ ಜಾಣತನ ಇದು. ಸತ್ತ ಪೊಲೀಸರ ಮನೆಯವರಿಗೆ ಈ ‘ನಿಗೂಢ’ ಹೇಗೆ ಕೇಳಿಸೀತು ಎಂಬ ಮುಜುಗರವೂ ನನಗಿದೆ.

ಬಂಡವಾಳದವರು ಬಂದರೆ ಮೊದಲು ಕೇಳುವುದು ದಾರಿ. ನಕ್ಷೆಯಲ್ಲಿ ಕೊಳ್ಳೇಗಾಲಕ್ಕೆ ಏನೂ ಕಮ್ಮಿಯಿಲ್ಲ. ಕೋಯಿಕ್ಕೋಡ್‌ನಿಂದ ಬರುವ 766ನೇ ರಾಷ್ಟ್ರೀಯ ಹೆದ್ದಾರಿ, ಬೆಂಗಳೂರಿನಿಂದ ಕೊಯಮತ್ತೂರಿಗೆ ಹೋಗುವ 948ನೇ ಹೆದ್ದಾರಿ, ಎರಡೂ ಇಲ್ಲೇ ಕೂಡುತ್ತವೆ. ಕತ್ತಲಾದ ಮೇಲೆ ಚಿತ್ರವೇ ಬೇರೆ. ಕೇರಳದ ಕಡೆ ಬಂಡೀಪುರದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ. ತಮಿಳುನಾಡಿನ ಕಡೆ ದಿಂಬಂ ಘಾಟಿಯಲ್ಲಿ 2022ರ ಫೆಬ್ರುವರಿಯಿಂದ ರಾತ್ರಿ ಲಾರಿಗಳಿಗೆ ತಡೆ. ಅತ್ತ ಹುಲಿ, ಇತ್ತ ಹುಲಿ. ಅವೂ ರಾತ್ರಿ ರಸ್ತೆ ದಾಟಬೇಕಲ್ಲ! ಕಾಡು ಉಳಿಯಬೇಕೆಂಬ ಪಕ್ಷ ನನ್ನದು. ಆದರೆ ಕರಿಕಲ್ಲು ಹೇರಿದ ಲಾರಿಯ ಡ್ರೈವರು ಚೆಕ್‌ಪೋಸ್ಟಿನ ಪಕ್ಕ ಸ್ಟವ್ ಹಚ್ಚಿ ಅನ್ನಕ್ಕಿಡುವುದನ್ನು ನೋಡಿದರೆ ಆ ಪಕ್ಷದ ಬೆಲೆ ಯಾರ ಜೇಬಿನಿಂದ ಹೋಗುತ್ತಿದೆ ಎಂದು ತಿಳಿಯುತ್ತದೆ.

ರೈಲಿನದು ಇನ್ನೂ ಉದ್ದದ ಕಥೆ, ಚಿಕ್ಕದಾಗಿ ಹೇಳುತ್ತೇನೆ. ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಯಳಂದೂರಿನ ಮೇಲೆ ಚಾಮರಾಜನಗರಕ್ಕೆ 142 ಕಿಲೋಮೀಟರ್ ಮಾರ್ಗ 1996–97ರ ಬಜೆಟ್ಟಿನಲ್ಲಿ ಮಂಜೂರಾಯಿತು. ಆ ವರ್ಷ ಹುಟ್ಟಿದ ಮಕ್ಕಳು ಬೆಂಗಳೂರಿಗೆ ಬಸ್ಸಿನಲ್ಲೇ ಹೋಗಿ ಕೆಲಸಕ್ಕೆ ಸೇರಿದರು.

ಹೀಗಾಗಿ ರಾಜ್ಯದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ದೊಡ್ಡ ಕೈಗಾರಿಕಾ ಪ್ರದೇಶಕ್ಕೆ ಜಾಗ ಹುಡುಕಿದಾಗ ಜಿಲ್ಲೆಯ ಇನ್ನೊಂದು ತುದಿಯ ಬದನಗುಪ್ಪೆ–ಕೆಲ್ಲಂಬಳ್ಳಿಯನ್ನು ಆರಿಸಿದ್ದರಲ್ಲಿ ಅಚ್ಚರಿಯಿಲ್ಲ. ಅಲ್ಲಿ ಪಕ್ಕದಲ್ಲೇ ರೈಲು, ಕೂಗಳತೆಯಲ್ಲಿ ನಂಜನಗೂಡು. ಬಿರ್ಲಾದವರ ಬಣ್ಣದ ಕಾರ್ಖಾನೆಯೂ ಅಲ್ಲಿಗೇ ಬಂತು. ಹನೂರಿನ ಹುಡುಗನಿಗೆ ಅದು ದಿನಾ ಹೋಗಿಬರುವ ದೂರವಲ್ಲ. ನಮ್ಮ ಮೂರು ತಾಲ್ಲೂಕಿನ ಪಾಲಿಗೆ ಜಿಲ್ಲಾಧಿಕಾರಿಗಳ ಏಕಗವಾಕ್ಷಿ ಸಮಿತಿಯಿದೆ. ಸಣ್ಣ ಬಂಡವಾಳದ ಅರ್ಜಿಗಳೆಲ್ಲ ಆ ಒಂದೇ ಕಿಟಕಿಯಲ್ಲಿ. ನಿಜ ಹೇಳಬೇಕೆಂದರೆ ಈ ಕಡೆಗೆ ತಪ್ಪದೆ ಹಣ ತರುತ್ತಿರುವವನು ಒಬ್ಬನೇ, ಮಾದಪ್ಪ. ಬೆಟ್ಟದ ಹುಂಡಿ ಎಣಿಕೆಯಲ್ಲಿ ಕೋಟಿ ದಾಟುವುದು ಈಗ ಸುದ್ದಿಯೇ ಅಲ್ಲ. ಅವನ 108 ಅಡಿ ಪ್ರತಿಮೆ 2023ರಲ್ಲಿ ಎದ್ದಿತು. ಅಲ್ಲಿಗೆ ಹೋಗುವ ಬಸ್ಸು ಕೊಳ್ಳೇಗಾಲದಲ್ಲಿ ಹತ್ತು ನಿಮಿಷ ನಿಲ್ಲುತ್ತದೆ. ಜನ ಕಾಫಿ ಕುಡಿದು ಹತ್ತುತ್ತಾರೆ. ಎರಡು ಬೀದಿ ಆಚೆ ಮಗ್ಗ ಆಡುತ್ತಿದೆಯೆಂದು ಹೇಳುವ ಒಂದು ಫಲಕವೂ ನಾನು ನಿಂತ ಜಾಗದಿಂದ ಕಾಣಲಿಲ್ಲ.

ಆ ಮನೆಗೆ ಮತ್ತೆ ಹೋದಾಗ ಸೀರೆ ಮಗ್ಗದಿಂದ ಇಳಿದಿತ್ತು. ಯಜಮಾನರ ಸೊಸೆ ಅದನ್ನು ತೊಟ್ಟಿಯ ಬೆಳಕಿನಲ್ಲಿ ಹರಡಿ ಮೊಬೈಲಿನಲ್ಲಿ ಫೋಟೊ ಹಿಡಿಯುತ್ತಿದ್ದರು. ಸಾಹುಕಾರರಿಗೆ ಕೊಡದೆ ತಿಂಗಳಿಗೆ ಒಂದೋ ಎರಡೋ ತಾವೇ ವಾಟ್ಸ್ಆಪ್‌ನಲ್ಲಿ ಮಾರುತ್ತಾರಂತೆ. ಹೋದ ಸಲ ದಾವಣಗೆರೆಯ ಒಬ್ಬ ಹೆಂಗಸು ಬಣ್ಣ ಒಪ್ಪಿ, ಬೆಲೆ ಒಪ್ಪಿ, ಕೊನೆಗೆ ಕೇಳಿದರಂತೆ: ‘ಕೊಳ್ಳೇಗಾಲ ಅಂತೀರಲ್ಲ, ಸೀರೆಗೆ ಏನೂ ಮಾಡಿಲ್ಲ ತಾನೇ?’

‘ನೀವೇನಂದ್ರಿ?’

‘ಮಾಡೀವಿ ಅಕ್ಕ, ಹನ್ನೆರಡು ದಿನ ಕೂತು ಮಾಡೀವಿ ಅಂದಿ.’

ಆ ಹೆಂಗಸು ನಕ್ಕು ದುಡ್ಡು ಹಾಕಿದರಂತೆ. ಈ ಸಲದ್ದು ಹಾಸನಕ್ಕೆ. ಹಳೆಯ ರಟ್ಟಿನ ಡಬ್ಬಿಯಲ್ಲಿ ಸೀರೆ ಇಟ್ಟು, ಟೇಪು ಸುತ್ತಿ, ಸೊಸೆ ಬಾಲ್‌ಪೆನ್ನಿನಿಂದ ಬರೆದರು. ಕಾರ್ಡ್‌ಬೋರ್ಡಿನ ಮೇಲೆ ಮಸಿ ಸರಿಯಾಗಿ ಹಿಡಿಯದೆ ಒಂದೊಂದು ಅಕ್ಷರವನ್ನೂ ಎರಡೆರಡು ಸಲ ತಿದ್ದಬೇಕಾಯಿತು: ಇಂದ, ಕೊಳ್ಳೇಗಾಲ, 571440.